ಗುಂಡಿಯನ್ನು ಎಷ್ಟು ಹೊತ್ತು ಒತ್ತಿದೆವು?

ಗುಂಡಿಯನ್ನು ಒತ್ತದೆ ನಗರವಾಸಿಗಳಾದ ನಮಗೆ ಒಂದು ದಿನವೂ ಕಳೆಯದು. ಮಂಜಲ್‌ಪುರದ ಬಹುಮಹಡಿ ಮನೆಗಳಲ್ಲಿ ಲಿಫ್ಟನ್ನು ಕರೆಯುವುದೂ ಗುಂಡಿಯಿಂದಲೇ, ಬಾಗಿಲ ಗಂಟೆಯನ್ನು ಬಾರಿಸುವುದೂ ಗುಂಡಿಯಿಂದಲೇ. ಮೊಬೈಲ್ ಫೋನಿನ ಬದಿಯ ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟರೆ ಪರದೆ ಬೆಳಗುತ್ತದೆ. ಫೋನು ಪೂರ್ತಿ ಆರಿದ್ದರೆ ಅದೇ ಗುಂಡಿಯನ್ನು ಕೆಲವು ಸೆಕೆಂಡುಗಳ ಕಾಲ ಒತ್ತಿ ಹಿಡಿಯಬೇಕಾಗುತ್ತದೆ. ಗುಂಡಿ ಒಂದೇ, ಬೆರಳೂ ಒಂದೇ. ಆದರೂ ಫಲ ಬೇರೆ. ನಾವು ಎಷ್ಟು ಹೊತ್ತು ಒತ್ತಿದೆವೆಂಬುದು ಯಂತ್ರಕ್ಕೆ ತಿಳಿಯುವ ಬಗೆ ಹೇಗೆಂಬುದನ್ನು ವಿಚಾರಿಸೋಣ.

ಇಂತಹ ಯಂತ್ರಗಳ ಒಡಲಿನಲ್ಲಿ ಮೈಕ್ರೊಕಂಟ್ರೋಲರ್ ಎಂಬ ಚಿಕ್ಕದೊಂದು ಚಿಪ್ ಇರುತ್ತದೆ. ಅದಕ್ಕೆ ಕಣ್ಣಿಲ್ಲ, ಸ್ಪರ್ಶಜ್ಞಾನವೂ ಇಲ್ಲ. ತನ್ನ ಪಿನ್ನಿನಲ್ಲಿ ವೋಲ್ಟೇಜು ಇದೆಯೇ ಇಲ್ಲವೇ ಎಂಬುದನ್ನು ಮಾತ್ರ ಅದು ಅರಿಯಬಲ್ಲದು. ಆ ಪಿನ್ನನ್ನು ಒಂದು ರೋಧಕದ ಮೂಲಕ 5 ವೋಲ್ಟಿಗೆ ಜೋಡಿಸಿ, ಗುಂಡಿಯನ್ನು ಪಿನ್ನಿಗೂ ಸೊನ್ನೆ ವೋಲ್ಟಿಗೂ ನಡುವೆ ಇಡುವುದು ವಾಡಿಕೆ. ಗುಂಡಿಯನ್ನು ಒತ್ತಿದೊಡನೆ ವೋಲ್ಟೇಜು ಸೊನ್ನೆಗೆ ಇಳಿಯುತ್ತದೆ, ಬಿಟ್ಟೊಡನೆ ಮೇಲೇರುತ್ತದೆ. ಇಳಿದ ಕ್ಷಣ ಒಂದು, ಏರಿದ ಕ್ಷಣ ಇನ್ನೊಂದು. ಇವೆರಡರ ಅಂತರವೇ ಒತ್ತಿದ ಕಾಲ.

ಕ್ಷಣಗಳನ್ನು ಗುರುತಿಸಲು ಗಡಿಯಾರ ಬೇಕಷ್ಟೆ. ವಿಜ್ಞಾನ ಪ್ರದರ್ಶನಗಳಲ್ಲಿ ಕಾಣಸಿಗುವ ಆರ್ಡುಯಿನೊ ಊನೊ ಫಲಕದಲ್ಲಿ ಗಡಿಯಾರವು ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಮಿಡಿಯುತ್ತದೆ. 16,000 ಮಿಡಿತಗಳಾದರೆ ಒಂದು ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು. ಒತ್ತಿದಾಗ ಎಣಿಕೆ 12,340 ಮಿಲಿಸೆಕೆಂಡು, ಬಿಟ್ಟಾಗ 13,190 ಎಂದಿಟ್ಟುಕೊಳ್ಳೋಣ. ಕಳೆದರೆ 850. ಒಂದು ಸೆಕೆಂಡು ಮೀರಿದರೆ ಮಾತ್ರ ದೀರ್ಘವೆಂದು ನಾವು ನಿಯಮ ಮಾಡಿದ್ದರೆ, ಈ ಒತ್ತು ಹ್ರಸ್ವವೇ ಆಯಿತು. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆಯೆಂದು ಕಾಲವನ್ನು ಎಣಿಸಿ ಬೇರ್ಪಡಿಸುವ ನಮಗೆ ಈ ಕ್ರಮ ಹೊಸದಲ್ಲ.

ಆದರೆ ಇಲ್ಲೊಂದು ತೊಡಕುಂಟು. ಗುಂಡಿಯೊಳಗಿನ ಲೋಹದ ತುಣುಕುಗಳು ಒಂದನ್ನೊಂದು ಮುಟ್ಟುವಾಗ, ನೆಲಕ್ಕೆ ಬಿದ್ದ ಚೆಂಡಿನಂತೆ, ಕೆಲವು ಮಿಲಿಸೆಕೆಂಡುಗಳ ಕಾಲ ಪುಟಿಯುತ್ತವೆ. ನಮ್ಮ ಕಣ್ಣಿಗೆ ಅದು ಕಾಣದು. ಚಿಪ್ಪಿಗಾದರೋ ಒಂದೇ ಒತ್ತು ಹಲವು ಒತ್ತುಗಳಂತೆ ತೋರುತ್ತದೆ. ಆದುದರಿಂದ ಮೊದಲ ಬದಲಾವಣೆಯನ್ನು ಕಂಡೊಡನೆ ನಂಬದೆ, ಸುಮಾರು 20 ಮಿಲಿಸೆಕೆಂಡು ತಾಳಿ, ಸ್ಥಿತಿ ಹಾಗೆಯೇ ನಿಂತಿದೆಯೇ ಎಂದು ನೋಡಿ, ಅನಂತರ ಒಪ್ಪುವಂತೆ ಪ್ರೋಗ್ರಾಮನ್ನು ಬರೆಯುತ್ತಾರೆ.

ಒತ್ತಿದ ಕಾಲವನ್ನು ಅಳೆಯಬಲ್ಲವರು, ಅದಕ್ಕೆ ಎಲ್ಲಿ ಬೆಲೆ ಕೊಡಬಾರದೆಂಬುದನ್ನೂ ಬಲ್ಲವರಾಗಿರಬೇಕು. ಇದಕ್ಕೆ ಮತಯಂತ್ರವೇ ನಿದರ್ಶನ. ನಮ್ಮ ದೇಶದಲ್ಲಿ ಈ ಯಂತ್ರಗಳನ್ನು ತಯಾರಿಸುವ ಸಂಸ್ಥೆಗಳು ಎರಡು. ಅವುಗಳಲ್ಲೊಂದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಇನ್ನೊಂದು ಹೈದರಾಬಾದಿನಲ್ಲಿದೆ. 2017ರ ಡಿಸೆಂಬರ್ 14ರಂದು, ಗುಜರಾತ್ ವಿಧಾನಸಭೆಯ ಚುನಾವಣೆಯ ಎರಡನೆಯ ಹಂತದಲ್ಲಿ, ಮಂಜಲ್‌ಪುರ ಕ್ಷೇತ್ರದ ಮತದಾರರು ಇಂತಹ ಯಂತ್ರದ ಗುಂಡಿಯನ್ನೇ ಒತ್ತಿದರು. ಮತದಾರನು ಗುಂಡಿಯನ್ನು ಒತ್ತಿದ ಬಳಿಕ ಜೊತೆಯ ಪೆಟ್ಟಿಗೆಯ ಗಾಜಿನ ಹಿಂದೆ ಮತಚೀಟಿ 7 ಸೆಕೆಂಡು ಕಾಣಿಸಿಕೊಂಡು ಒಳಗೆ ಬೀಳುತ್ತದೆ. ಮತವು ಒಮ್ಮೆ ದಾಖಲಾದರೆ ಯಂತ್ರಕ್ಕೆ ಬೀಗ ಬಿದ್ದಂತೆ. ಗುಂಡಿಯನ್ನು ಒತ್ತಿಯೇ ಹಿಡಿದರೂ, ಮತ್ತೆ ಮತ್ತೆ ಒತ್ತಿದರೂ, ಎರಡನೆಯ ಮತ ಸೇರದು. ಮತಗಟ್ಟೆಯ ಅಧಿಕಾರಿ ತನ್ನ ಬಳಿಯ ಗುಂಡಿಯಿಂದ ಅನುಮತಿ ಕೊಟ್ಟ ಮೇಲೆಯೇ ಮುಂದಿನವರ ಸರದಿ. ನಡುಗುವ ಬೆರಳನ್ನು ಬೇಗನೆ ತೆಗೆಯಲಾರದ ಅಜ್ಜಿಗೂ ಒಂದೇ ಮತ. ತಟ್ಟನೆ ಒತ್ತಿ ಹೊರಡುವ ತರುಣನಿಗೂ ಒಂದೇ ಮತ.

ಹೀಗೆ ಒಂದು ಗುಂಡಿಯಲ್ಲಿ ಕಾಲವೇ ಅರ್ಥವಾದರೆ, ಇನ್ನೊಂದರಲ್ಲಿ ಕಾಲಕ್ಕೆ ಬೆಲೆಯೇ ಇಲ್ಲ. ಯಾವುದು ಎಲ್ಲಿ ತಕ್ಕುದೆಂಬುದನ್ನು ಚಿಪ್ ತಾನಾಗಿ ತಿಳಿಯಲಾರದು. ಅದಕ್ಕೆ ನಿಯಮವನ್ನು ಬರೆದುಕೊಡುವ ಮನುಷ್ಯನೇ ತಿಳಿದಿರಬೇಕು. ನಮ್ಮಲ್ಲಿ ಕೆಲವರಾದರೂ ಮುಂದೆ ಅಂತಹ ನಿಯಮಗಳನ್ನು ಬರೆಯುವವರಾಗುವೆವು. ಆಗ ಲೆಕ್ಕದಷ್ಟೇ ವಿವೇಕವೂ ನಮಗೆ ಬೇಕಾಗುವುದು.