ತೂಕ ಇಳಿಯಲಿ, ರೊಟ್ಟಿ ಇರಲಿ

ನಮ್ಮ ರೋಣ, ನರಗುಂದ, ಗಜೇಂದ್ರಗಡ ಭಾಗದ ಬಹಳಷ್ಟು ಮನೆಗಳ ಹಿತ್ತಲಲ್ಲಿ ಇವತ್ತಿಗೂ ಒಂದು ಸೈಕಲ್ ಗೋಡೆಗೆ ಒರಗಿ ನಿಂತಿರುತ್ತದೆ. 2006-07ರಲ್ಲಿ ಶುರುವಾದ ಸರ್ಕಾರದ ಉಚಿತ ಸೈಕಲ್ ಯೋಜನೆಯಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸಿಕ್ಕಿದ್ದು. ಎಸ್ಸೆಸ್ಸೆಲ್ಸಿ ಮುಗಿಯುತ್ತಿದ್ದಂತೆ ಅದರ ಟೈರಿನ ಗಾಳಿ ಹೋಗುತ್ತದೆ. ಪಿಯುಸಿಗೆ ಬಸ್ಸು, ಡಿಗ್ರಿಗೆ ಬೈಕು. ಅಲ್ಲಿಂದ ಶುರುವಾಗುತ್ತದೆ ಹೊಟ್ಟೆ ಬೆಳೆಯುವ ಕಾಲ.

ನಾನು ಬಿ.ಇ. ವಿದ್ಯಾರ್ಥಿ. ದಿನಾ ರೋಣದಿಂದ ಗದಗಿಗೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಬಸ್ಸಿನಲ್ಲಿ ಕೂತು, ಕ್ಲಾಸಿನಲ್ಲಿ ಕೂತು, ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತು ಎರಡೇ ವರ್ಷದಲ್ಲಿ 86 ಕೆ.ಜಿ. ಮುಟ್ಟಿದ್ದೆ. ಎತ್ತರ 172 ಸೆಂ.ಮೀ. ಲೆಕ್ಕ ಹಾಕಿದರೆ ಬಿಎಂಐ 29. ನಮ್ಮ ದೇಶದವರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎನ್ನುತ್ತಾರೆ. ಕಡಿಮೆ ತೂಕದಲ್ಲೇ ನಮಗೆ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಸಕ್ಕರೆ ಕಾಯಿಲೆ ಬೇಗ ಬರುತ್ತದೆ ಎಂಬುದೇ ಇದಕ್ಕೆ ಕಾರಣ. ಅಪ್ಪನಿಗೆ 44ನೇ ವಯಸ್ಸಿಗೇ ಶುಗರ್ ಬಂದಿದೆ. ಅವರ ಜತೆ ಆಸ್ಪತ್ರೆಗೆ ಹೋದಾಗ ಡಾಕ್ಟರು ನನ್ನ ಕಡೆ ನೋಡಿ, ‘ಮುಂದಿನ ಪಾಳಿ ನಿಂದ ಆಗಬಾರದು ನೋಡ ತಮ್ಮಾ’ ಅಂದರು. ಆ ವಾರವೇ ಹಿತ್ತಲಿನ ಸೈಕಲ್ ಹೊರಗೆ ಬಂತು.

ಈಗ ಏಳು ತಿಂಗಳಾಗಿದೆ. ತೂಕ 76 ಕೆ.ಜಿ. ಇದೆ. ಇನ್ನೂ ದಾರಿ ಇದೆ. ಈ ಅವಧಿಯಲ್ಲಿ ನನಗೆ ಖಾತ್ರಿಯಾದ ಮಾತು ಒಂದೇ: ಉಪವಾಸವಿದ್ದು ಬೆವರು ಸುರಿಸಿದರೆ ತೂಕ ಇಳಿಯಬಹುದು, ಶಕ್ತಿಯೂ ಅದರ ಜತೆಗೇ ಇಳಿಯುತ್ತದೆ.

ಹಸಿವಿನ ಜತೆ ಜಿದ್ದು ಬೇಡ

ನರಗುಂದದ ಗೆಳೆಯನೊಬ್ಬ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಿ ಮಾಡುತ್ತಿದ್ದಾನೆ. ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ತೂಕ ಇಳಿದರೆ ತಾನಾಗಿಯೇ ಓಟ ಬರುತ್ತದೆ ಎಂದುಕೊಂಡ ಅವನು ದಿನಕ್ಕೆ ಒಂದೇ ಊಟ ಮಾಡತೊಡಗಿದ. ಮೂರು ವಾರದಲ್ಲಿ ಆರು ಕೆ.ಜಿ. ಇಳಿದ. ಎಲ್ಲರಿಗೂ ಖುಷಿ. ಆದರೆ 7 ನಿಮಿಷ 20 ಸೆಕೆಂಡಿದ್ದ ಓಟ 7 ನಿಮಿಷ 40 ಸೆಕೆಂಡಿಗೆ ಹೋಯಿತು. ಒಂದು ಬೆಳಿಗ್ಗೆ ಮೈದಾನದಲ್ಲೇ ತಲೆ ತಿರುಗಿ ಕೂತುಬಿಟ್ಟ.

ಹೀಗೇಕೆ? ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ಇಂಧನ ಇರುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಊಟ ಬಿಟ್ಟಾಗ ಮೊದಲು ಖಾಲಿಯಾಗುವುದು ಇದು. ತಕ್ಕಡಿಯಲ್ಲಿ ಮೊದಲ ವಾರ ಕಾಣುವ ಇಳಿಕೆಯಲ್ಲಿ ಬಹುಪಾಲು ನೀರೇ. ಹಾಗೆಯೇ ಮುಂದುವರಿದರೆ ಕೊಬ್ಬಿನ ಜತೆ ಸ್ನಾಯುವೂ ಕರಗುತ್ತದೆ. ಓಡಬೇಕಾದದ್ದು ಆ ಸ್ನಾಯುವೇ ತಾನೆ?

ಒಂದು ಕೆ.ಜಿ. ಕೊಬ್ಬು ಕರಗಲು ಸುಮಾರು 7700 ಕ್ಯಾಲೊರಿ ಖರ್ಚಾಗಬೇಕು. ದಿನಕ್ಕೆ ಸುಮಾರು 500 ಕ್ಯಾಲೊರಿ ಕೊರತೆ ಮಾಡಿದರೆ ವಾರಕ್ಕೆ ಅರ್ಧ ಕೆ.ಜಿ.ಯಷ್ಟು ಇಳಿಯುತ್ತದೆ. ಅದಕ್ಕಿಂತ ಅವಸರ ಮಾಡಿದರೆ ದೇಹ ಕೇಳುವುದಿಲ್ಲ. ಗೆಳೆಯ ಈಗ ಮೂರು ಹೊತ್ತು ಉಣ್ಣುತ್ತಾನೆ. ಓಟದ ನಡುವಿನ ದಿನಗಳಲ್ಲಿ ಮೊಣಕಾಲಿಗೆ ಬಿಡುವು ಸಿಗಲೆಂದು ಸೈಕಲ್ ತುಳಿಯುತ್ತಾನೆ. ಅವನ ಸಮಯ 6 ನಿಮಿಷ 50 ಸೆಕೆಂಡಿಗೆ ಬಂದಿದೆ. ಇನ್ನು 20 ಸೆಕೆಂಡು ಬಾಕಿ.

ಲೆಕ್ಕ ಹಾಕಬೇಕಾದದ್ದು ಚಹಾ

ತೂಕ ಇಳಿಸುತ್ತೇನೆ ಎಂದಾಗ ಅವ್ವ ಹೌಹಾರಿದ್ದು ರೊಟ್ಟಿಗಾಗಿ. ‘ರೊಟ್ಟಿ ಬಿಟ್ಟು ಹುಲ್ಲು ತಿಂತೀ ಏನು?’ ಎಂದಳು. ರೊಟ್ಟಿ ಬಿಡಲಿಲ್ಲ. ನಾಲ್ಕಿದ್ದದ್ದು ಮೂರಾಯಿತು, ಅಷ್ಟೇ. 50 ಗ್ರಾಂ ಜೋಳದ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 170 ಕ್ಯಾಲೊರಿ ಇರುತ್ತದೆ. ದಿನಕ್ಕೆ ನಾಲ್ಕು ಕಪ್ ಚಹಾ, ಕಪ್ಪಿಗೆ ಎರಡು ಚಮಚ ಸಕ್ಕರೆ ಎಂದರೆ 40 ಗ್ರಾಂ ಸಕ್ಕರೆ, 160 ಕ್ಯಾಲೊರಿ. ಅಂದರೆ ಹೊಟ್ಟೆ ತುಂಬಿಸದ ಒಂದು ರೊಟ್ಟಿಯನ್ನು ನಾವು ದಿನಾ ಕುಡಿಯುತ್ತಿರುತ್ತೇವೆ!

ಬಸ್ ಸ್ಟ್ಯಾಂಡಿನ ಮಿರ್ಚಿ ಭಜಿಯದೂ ಇದೇ ಕಥೆ. ಒಂದು ಗ್ರಾಂ ಹಿಟ್ಟಿನಲ್ಲಿ ನಾಲ್ಕು ಕ್ಯಾಲೊರಿ ಇದ್ದರೆ ಒಂದು ಗ್ರಾಂ ಎಣ್ಣೆಯಲ್ಲಿ ಒಂಬತ್ತು. ನನ್ನಷ್ಟು ತೂಕದವರು ಸಾಧಾರಣ ವೇಗದಲ್ಲಿ ಒಂದು ಗಂಟೆ ಸೈಕಲ್ ತುಳಿದರೆ ಹತ್ತಿರ ಹತ್ತಿರ 500 ಕ್ಯಾಲೊರಿ ಖರ್ಚು. ಎರಡು ಪ್ಲೇಟ್ ಭಜಿ ಅದರಲ್ಲಿ ಬಹುಪಾಲನ್ನು ಹತ್ತೇ ನಿಮಿಷದಲ್ಲಿ ವಾಪಸ್ ತರುತ್ತದೆ. ಭಜಿ ಈಗ ವಾರಕ್ಕೊಮ್ಮೆ.

ಪ್ರೋಟೀನ್ ಪೌಡರ್ ಡಬ್ಬಿಗೆ ಸಾವಿರಾರು ರೂಪಾಯಿ ಕೊಡುವ ಗೆಳೆಯರಿದ್ದಾರೆ. ನಮ್ಮ ಎರೆಹೊಲಗಳು ಬೆಳೆಯುವುದೇ ಹೆಸರು, ಕಡಲೆ. 100 ಗ್ರಾಂ ಹೆಸರುಕಾಳಿನಲ್ಲಿ 20 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇದೆ. ಐಸಿಎಂಆರ್ ಹೇಳುವ ಪ್ರಕಾರ ದೇಹದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಮೊಳಕೆ ಕಾಳಿನ ಪಲ್ಯ, ಜುಣಕ, ಮೊಸರು, ಬೇಕಿದ್ದವರಿಗೆ ಮೊಟ್ಟೆ ಸೇರಿದರೆ ಅದು ಕಷ್ಟವಲ್ಲ. ಶೇಂಗಾ ಚಟ್ನಿಯೂ ಒಳ್ಳೆಯದೇ, ಆದರೆ ಎಣ್ಣೆಯಂಶ ಜಾಸ್ತಿ, ಚಮಚದಲ್ಲೇ ಇರಲಿ.

ಗಾಳಿಯ ಲೆಕ್ಕ

ನಮ್ಮ ಕಡೆ ರಸ್ತೆ ಹೆಚ್ಚೂಕಡಿಮೆ ಸಮತಟ್ಟು. ಆದರೆ ಗಾಳಿ ಇದೆಯಲ್ಲ, ಅದೇ ನಮ್ಮ ಘಾಟಿ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆಷಾಢದಲ್ಲಿ ಪಶ್ಚಿಮದಿಂದ ಬೀಸುವ ಗಾಳಿಗೆ ಎದುರಾಗಿ ರೋಣದಿಂದ ನರಗುಂದದ ದಿಕ್ಕಿಗೆ ತುಳಿದವರಿಗೆ ಇದು ಗೊತ್ತು. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುವಾಗ ಎದುರಿನಿಂದ ಅಷ್ಟೇ ವೇಗದ ಗಾಳಿ ಬಂದರೆ ಪ್ರತಿರೋಧ ಎರಡು ಪಟ್ಟಲ್ಲ, ನಾಲ್ಕು ಪಟ್ಟು!

ಆದ್ದರಿಂದ ಕಿಲೋಮೀಟರಿಗಿಂತ ಉಸಿರನ್ನು ಗಮನಿಸಿ. ತುಳಿಯುತ್ತಾ ಮಾತಾಡಲು ಬರಬೇಕು, ಹಾಡಲು ಬರಬಾರದು. 20ರ ವಯಸ್ಸಿನವರಿಗೆ ಅದು ಸುಮಾರಾಗಿ ನಿಮಿಷಕ್ಕೆ 120ರಿಂದ 140 ಎದೆಬಡಿತ. ಸಹನಶಕ್ತಿ ಬೆಳೆಯುವುದು ಈ ನಿಧಾನದ ತುಳಿತದಲ್ಲೇ. ವಾರದಲ್ಲಿ ನಾಲ್ಕು ದಿನ ಬೆಳಿಗ್ಗೆ 45 ನಿಮಿಷ ತುಳಿಯುತ್ತೇನೆ. ಭಾನುವಾರ ಒಂದು ದೂರದ ಸವಾರಿ. ಇನ್ನೊಂದು ಉಪಾಯ: ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ದಣಿದು ಬರುವಾಗ ಗಾಳಿಯೇ ದೂಡುತ್ತದೆ.

ಗಾಳಿ ಕಡಿಮೆ ಇರುವ ದಿನಗಳಲ್ಲಿ ಸೂಡಿಯ ಜೋಡು ಕಳಸದ ಗುಡಿ ಹತ್ತಿರ ನಿಂತು ನೀರು ಕುಡಿದು ಗಜೇಂದ್ರಗಡಕ್ಕೆ ಹೋಗುತ್ತೇನೆ. ಕಾಲಕಾಲೇಶ್ವರನ ಮೆಟ್ಟಿಲು ಹತ್ತಿ ಇಳಿದರೆ ಕಾಲಿಗೆ ಬೇರೆ ವ್ಯಾಯಾಮ ಬೇಡ. ಒಂದೂವರೆ ಗಂಟೆ ದಾಟುವ ಸವಾರಿಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಬಾಳೆಹಣ್ಣು, ಒಂದು ತುಂಡು ಶೇಂಗಾ ಚಿಕ್ಕಿ, ಉಪ್ಪು ಸಕ್ಕರೆ ಬೆರೆಸಿದ ನೀರು ಜತೆಗಿರಲಿ. ಬೇಸಿಗೆಯಲ್ಲಿ ಏಳೂವರೆಗೆಲ್ಲ ಮನೆ ಸೇರಿ.

ದುಬಾರಿ ಸೈಕಲ್ ಬೇಕಿಲ್ಲ

ಗೇರ್ ಇಲ್ಲದ ಸೈಕಲ್ಲೇ ಸಾಕು. ಪೆಡಲ್ ಕೆಳಗೆ ಬಂದಾಗ ಮೊಣಕಾಲು ಸ್ವಲ್ಪವೇ ಮಡಚಿರುವಷ್ಟು ಸೀಟು ಎತ್ತರಿಸಿ. ಮೊಣಕಾಲು ನೋವಿಗೆ ಬಹಳ ಸಲ ತಗ್ಗಿನ ಸೀಟೇ ಕಾರಣ. ಚೈನಿಗೆ ಎಣ್ಣೆ, ಎರಡೂ ಬ್ರೇಕ್ ಸರಿ ಇರಲಿ. ಹೊಲದ ದಾರಿಯಲ್ಲಿ ಜಾಲಿ ಮುಳ್ಳು ಕಾಯುತ್ತಿರುತ್ತದೆ, ಡಾಂಬರ್ ರಸ್ತೆ ವಾಸಿ. ನಸುಕಿನಲ್ಲಿ ಹೊರಡುವವರು ಹಿಂದೆ ಕೆಂಪು ದೀಪ ಹಾಕಿಕೊಳ್ಳಿ.

ಸೈಕಲ್ ಎಂದರೆ ಬಡವರ ಗಾಡಿ ಎಂದು ಮೂಗು ಮುರಿಯುವವರು ಸುತ್ತಮುತ್ತ ನೋಡಲಿ. ನರಗುಂದದ ಪಕ್ಕದ ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆಯಲ್ಲಿ ಹಳ್ಳಿ ಮಕ್ಕಳು ಸೈಕ್ಲಿಂಗ್ ಕಲಿಯುತ್ತಾರೆ. 2022ರಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಸ್ಪರ್ಧೆ ನಡೆದದ್ದು ನಮ್ಮ ಗದಗದಲ್ಲೇ. ದೂರದ ಸವಾರಿಯ ಆಸೆ ಇದ್ದವರಿಗೆ ಬಿಆರ್‌ಎಂ ಇದೆ: 200 ಕಿ.ಮೀ. ದೂರವನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕು. ಮೊದಲು, ಎರಡನೆಯದು ಎಂಬ ಸ್ಥಾನವಿಲ್ಲ, ಸಮಯದೊಳಗೆ ಮುಗಿಸಿದವರೆಲ್ಲ ಗೆದ್ದವರೇ. ಮುಂದಿನ ವರ್ಷ ನನ್ನ ಗುರಿ ಅದು.

ಗೆಳೆಯರೇ, ಗೆಳತಿಯರೇ, ಥೈರಾಯ್ಡ್, ಪಿಸಿಒಡಿ, ಅಸ್ತಮಾದಂಥ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಉಳಿದವರು ನಾಳೆಯೇ ಹಿತ್ತಲಿಗೆ ಹೋಗಿ ಟೈರಿಗೆ ಗಾಳಿ ಹೊಡೆಸಿ. ಪಕ್ಕದ ಊರಿಗೆ ಹೋಗಿ ಬನ್ನಿ. ಮೊದಲ ವಾರಕ್ಕೆ ಅಷ್ಟು ಸಾಕು. ಬಂದ ಮೇಲೆ ರೊಟ್ಟಿ ತಿನ್ನುವುದನ್ನು ಮರೆಯಬೇಡಿ.