ತಕ್ಕಡಿ ಹಿಡಿದವನಿಗೆ ಸ್ವರ್ಗವುಂಟೆ?

ನವೆಂಬರ್ 13 ಸಂತ ಹೋಮೊಬೋನುಸರ ಸ್ಮರಣೆಯ ದಿನ. ನಮ್ಮ ಮನೆಗಳಲ್ಲಿ ಈ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಇಟಲಿಯ ಕ್ರೆಮೋನಾ ಪಟ್ಟಣದ ಈ ಬಟ್ಟೆ ವ್ಯಾಪಾರಿ 1197ರಲ್ಲಿ ಬಲಿಪೂಜೆಯ ನಡುವೆಯೇ ಪ್ರಾಣಬಿಟ್ಟರು. 1199ರ ಜನವರಿಯಲ್ಲಿ, ಎರಡು ವರ್ಷ ತುಂಬುವ ಮೊದಲೇ, ಪೋಪ್ ಮೂರನೆಯ ಇನ್ನೊಸೆಂಟರು ಅವರನ್ನು ಸಂತರೆಂದು ಸಾರಿದರು. ಅದಕ್ಕೆ ಕಾರಣ ಅವರ ಪ್ರಾರ್ಥನೆ ಮತ್ತು ಬಡವರ ಮೇಲಿನ ಕರುಣೆಯೇ ಹೊರತು ವ್ಯಾಪಾರವಲ್ಲ. ಆದರೂ ಒಬ್ಬ ವರ್ತಕನಿಗೆ ಆ ಗೌರವ ಸಂದದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಏಕೆಂದರೆ ಅಂದಿನ ಧರ್ಮಸಭೆಗೆ ವರ್ತಕರ ಮೇಲೆ ಪೂರ್ಣ ವಿಶ್ವಾಸವಿರಲಿಲ್ಲ. ಯೇಸುಸ್ವಾಮಿ ಮಹಾದೇವಾಲಯದಿಂದ ವ್ಯಾಪಾರಿಗಳನ್ನು ಹೊರಗಟ್ಟಿದ ಪ್ರಸಂಗವನ್ನು ವಿವರಿಸುತ್ತ, ವರ್ತಕನು ದೇವರಿಗೆ ಮೆಚ್ಚುಗೆಯಾಗುವುದು ದುಸ್ಸಾಧ್ಯವೆಂದು ಸಾರುವ ಹಳೆಯ ಬರಹವೊಂದಿತ್ತು. ಸಂತ ಜಾನ್ ಕ್ರಿಸೊಸ್ತೋಮರದೆಂದು ಜನ ನಂಬಿದ್ದ ಅದು ವಾಸ್ತವವಾಗಿ ಬೇರೆ ಯಾರದೋ ಬರಹ. 1140ರ ಸುಮಾರಿಗೆ ಗ್ರೇಷಿಯನ್ ಸಂಕಲಿಸಿದ ಧರ್ಮಸಭೆಯ ಕಾನೂನು ಸಂಗ್ರಹದೊಳಕ್ಕೂ ಅದು ಸೇರಿಕೊಂಡಿತು. ಇಂಥ ಮಾತುಗಳನ್ನು ನಕಲು ಮಾಡುತ್ತಿದ್ದ ಸನ್ಯಾಸಿಗಳ ಮಠಗಳಿಗೆ ಭೂಮಿಯಿತ್ತು, ಕಣಜವಿತ್ತು. ಹೊಟ್ಟೆಪಾಡಿಗಾಗಿ ತಕ್ಕಡಿ ಹಿಡಿಯಬೇಕಾದವರ ಕಷ್ಟ ಅವರಿಗೆ ತಿಳಿಯದೆ ಹೋಗಿದ್ದರೆ ಅಚ್ಚರಿಯಿಲ್ಲ ಎಂಬುದು ನಮ್ಮ ಅನಿಸಿಕೆ.

ಈ ಗಂಟನ್ನು ತಾಳ್ಮೆಯಿಂದ ಬಿಡಿಸಿದವರು ಸಂತ ಥಾಮಸ್ ಅಕ್ವಿನಾಸರು (1225–1274). ಲಾಭಕ್ಕಾಗಿಯೇ ನಡೆಸುವ ವ್ಯಾಪಾರದಲ್ಲಿ ಒಂದು ಬಗೆಯ ಹೀನತೆಯಿದೆ ಎಂಬುದನ್ನು ಅವರೂ ಒಪ್ಪುತ್ತಾರೆ. ಆದರೆ ಸಂಸಾರವನ್ನು ಸಾಕಲು, ಬಡವರಿಗೆ ನೆರವಾಗಲು, ನಾಡಿಗೆ ಅಗತ್ಯ ವಸ್ತುಗಳ ಕೊರತೆಯಾಗದಂತೆ ನೋಡಿಕೊಳ್ಳಲು ವ್ಯಾಪಾರಕ್ಕಿಳಿದವನು ಮಿತವಾದ ಲಾಭವನ್ನು ತನ್ನ ಶ್ರಮದ ಕೂಲಿಯೆಂದು ಪಡೆಯಬಹುದು. ಅವರು ಎತ್ತಿಕೊಂಡ ಪ್ರಶ್ನೆಯೊಂದು ಸ್ವಾರಸ್ಯಕರವಾಗಿದೆ. ಧಾನ್ಯಕ್ಕೆ ವಿಪರೀತ ಬೆಲೆಯಿರುವ ಊರಿಗೆ ವರ್ತಕನೊಬ್ಬನು ಧಾನ್ಯ ತರುತ್ತಾನೆ. ಅವನ ಹಿಂದೆಯೇ ಇನ್ನೂ ಹಲವರು ಬರುತ್ತಿದ್ದಾರೆ. ಇದು ಅವನಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಹೇಳಿದರೆ ಬೆಲೆ ಇಳಿಯುತ್ತದೆ. ಅವನು ಹೇಳಬೇಕೆ? ಅಂದಿನ ಬೆಲೆಗೆ ಮಾರಿದರೆ ನ್ಯಾಯ ತಪ್ಪಿದಂತಾಗದು. ಆದರೆ ನಿಜ ಹೇಳಿದರೆ, ಇಲ್ಲವೆ ಬೆಲೆ ಇಳಿಸಿದರೆ, ಅದು ಇನ್ನೂ ಹಿರಿದಾದ ಸದ್ಗುಣ ಎನ್ನುತ್ತಾರೆ ಅಕ್ವಿನಾಸರು. ಅಂಗಡಿ ನಡೆಸುವ ನಮ್ಮ ಓದುಗರು ಈ ಪ್ರಶ್ನೆಯನ್ನು ರಾತ್ರಿಯ ಊಟದ ಹೊತ್ತಿನಲ್ಲಿ ಮನೆಯವರ ಮುಂದಿಟ್ಟು ನೋಡಲಿ. ಎಲ್ಲರ ಉತ್ತರವೂ ಒಂದೇ ಆಗಿರಲಾರದು.

ಮುಸ್ಲಿಮರು ಹಿಡಿದ ದಾರಿ ಮೊದಲಿನಿಂದಲೇ ಬೇರೆ. ಪ್ರವಾದಿ ಮುಹಮ್ಮದರು ಸ್ವತಃ ವ್ಯಾಪಾರ ಮಾಡಿದವರು. ಪತ್ನಿ ಖದೀಜಾ ಮಕ್ಕಾ ನಗರದ ವರ್ತಕರು. ಕುರ್‌ಆನ್ ವ್ಯಾಪಾರಕ್ಕೆ ಸಮ್ಮತಿಯಿತ್ತು ಬಡ್ಡಿಯನ್ನು ನಿಷೇಧಿಸುತ್ತದೆ. ಅದರ ಒಂದು ಅಧ್ಯಾಯ ಆರಂಭವಾಗುವುದೇ ಅಳತೆಯಲ್ಲಿ ಮೋಸ ಮಾಡುವವರಿಗೆ ಕೊಡುವ ಎಚ್ಚರಿಕೆಯಿಂದ. ಪ್ರಾಮಾಣಿಕ ವರ್ತಕನಿಗೆ ಪ್ರವಾದಿಗಳ ಹಾಗೂ ಹುತಾತ್ಮರ ಸಂಗಡ ಸ್ಥಾನವಿದೆ ಎಂಬ ಮಾತೂ ಅವರ ಪರಂಪರೆಯಲ್ಲಿದೆ. ಪೇಟೆಯ ತೂಕವನ್ನು ಪರೀಕ್ಷಿಸಲು ಮುಹ್ತಸಿಬ್ ಎಂಬ ಅಧಿಕಾರಿಯಿರುತ್ತಿದ್ದನು. ಹಾಗೆಂದು ಅಲ್ಲಿ ಎಲ್ಲರೂ ವರ್ತಕರನ್ನು ಹೊಗಳಿದವರಲ್ಲ. ಚೌಕಾಸಿ, ಚಾತುರ್ಯ, ಜಗಳಗಳಲ್ಲೇ ದಿನ ಕಳೆಯುವವನ ಗುಣ ಕುಗ್ಗುತ್ತದೆ ಎಂದು ಟ್ಯೂನಿಸ್‌ನಲ್ಲಿ ಹುಟ್ಟಿದ ಇತಿಹಾಸಕಾರ ಇಬ್ನ್ ಖಲ್ದೂನ್ (1332–1406) ಬರೆದರು. ಅವರೂ ಅರಸರ ಆಸ್ಥಾನಗಳಲ್ಲಿ ಬಾಳಿದವರೆಂಬುದನ್ನು ಮರೆಯಬಾರದು.

ಬಡ್ಡಿಯ ವಿಷಯದಲ್ಲಂತೂ ಉಭಯರದೂ ಒಂದೇ ನಿಲುವಾಗಿತ್ತು. 1179ರ ಮೂರನೆಯ ಲ್ಯಾಟರನ್ ಮಹಾಸಭೆಯು ಬಹಿರಂಗವಾಗಿ ಬಡ್ಡಿ ವ್ಯವಹಾರ ನಡೆಸುವವರಿಗೆ ಪರಮಪ್ರಸಾದವನ್ನೂ ಕ್ರೈಸ್ತ ಸಮಾಧಿಯನ್ನೂ ನಿರಾಕರಿಸಿತು.

ಈ ಎರಡೂ ಧರ್ಮಗಳ ವರ್ತಕರು ಒಂದೇ ಪೇಟೆಯಲ್ಲಿ ಬಾಳಿದ್ದಕ್ಕೆ ಸಾಕ್ಷಿ ಹುಡುಕಿ ನಾವು ದೂರ ಹೋಗಬೇಕಾಗಿಲ್ಲ. ನೆರೆಯ ಕೇರಳದ ಕೊಲ್ಲಂನಲ್ಲಿ 849ರಲ್ಲಿ ವೇಣಾಡಿನ ಒಡೆಯ ಅಯ್ಯನಡಿಗಳು ತರಿಸಾಪಳ್ಳಿ ಎಂಬ ಕ್ರೈಸ್ತ ದೇವಾಲಯಕ್ಕೆ ತಾಮ್ರಶಾಸನವನ್ನು ಬರೆಸಿಕೊಟ್ಟನು. ಅದರಲ್ಲಿ ದೇವಾಲಯಕ್ಕೆ ದೊರೆತದ್ದು ಭೂಮಿ ಮಾತ್ರವಲ್ಲ. ಪೇಟೆಯ ತೂಕ, ಅಳತೆಗಳನ್ನು ಕಾಯುವ ಹೊಣೆಯೂ ದೊರೆಯಿತು. ಗ್ರೇಷಿಯನ್‌ನ ಸಂಗ್ರಹ ಸಿದ್ಧವಾಗುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಇಲ್ಲಿ ತಕ್ಕಡಿ ಚರ್ಚಿನ ವಶದಲ್ಲಿತ್ತು. ಆ ಶಾಸನಕ್ಕೆ ಸಾಕ್ಷಿಗಳಾಗಿ ನಿಂತ ಪರದೇಶದ ವರ್ತಕರು ಪಹ್ಲವಿ, ಹೀಬ್ರೂ ಲಿಪಿಗಳಲ್ಲಿ ತಮ್ಮ ಹೆಸರು ಬರೆದಿದ್ದಾರೆ. ಮುಸ್ಲಿಮರ ಹೆಸರುಗಳು ಅರಬಿ ಲಿಪಿಯಲ್ಲಿವೆ.