ಕಾಯಿ ಹಣ್ಣಾಗುವ ಹೊತ್ತು

ಚೌಕಾಬಾರ ಆಡಲು ಕೂತ ಮನೆಯಲ್ಲಿ ಮೊದಲ ಜಗಳ ಕವಡೆ ಉರುಳುವುದಕ್ಕೆ ಮುಂಚೆಯೇ ಶುರುವಾಗುತ್ತದೆ. ‘ಕಾಯಿಗಳು ಮೊದಲೇ ಮನೆಯಲ್ಲಿ ಕೂತಿರುತ್ತವೆ, ಯಾವ ಗರ ಬಿದ್ದರೂ ನಡೆಸಬಹುದು’ ಎನ್ನುತ್ತಾಳೆ ಮೈಸೂರಿನಿಂದ ಬಂದ ಸೊಸೆ. ‘ಅದ್ಹೆಂಗಾಕ್ಕೈತಿ? ಚೌಕ ಇಲ್ಲಾ ಬಾರ ಬೀಳೂತನಕ ಕಾಯಿ ಇಳಸೂಹಂಗಿಲ್ಲ’ ಎನ್ನುತ್ತಾರೆ ಧಾರವಾಡದ ಅತ್ತೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಈ ಆಟಕ್ಕೆ ಎಲ್ಲರೂ ಒಪ್ಪಿದ ನಿಯಮ ಪುಸ್ತಕವಿಲ್ಲ, ಒಕ್ಕೂಟವಿಲ್ಲ, ಅಂಪೈರ್ ಇಲ್ಲ. ಒಂದೊಂದು ಮನೆಯ ಅಜ್ಜಿಯೇ ಒಂದೊಂದು ಸಂವಿಧಾನ. ಹೆಸರೂ ಊರಿಗೊಂದು: ಚೌಕಾಬಾರ, ಕಟ್ಟೆಮನೆ, ಚಕ್ಕ, ಗಟ್ಟಾಮನೆ. ಗಡಿ ದಾಟಿದರೆ ತೆಲುಗರಿಗೆ ಇದೇ ಅಷ್ಟಾಚೆಮ್ಮ, ತಮಿಳರಿಗೆ ತಾಯಂ.

ಬೇಕಾಗುವ ಸಾಮಾನು ಮಾತ್ರ ಎಲ್ಲ ಕಡೆಯೂ ಅಷ್ಟೇ. ನೆಲದ ಮೇಲೆ ಬಳಪದಲ್ಲೋ ಇದ್ದಿಲಿನಲ್ಲೋ ಎಳೆದ ಐದೈದರ 25 ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕಾಯಿ ಎಂದರೆ ಕೈಗೆ ಸಿಕ್ಕಿದ್ದು: ಒಬ್ಬರಿಗೆ ಹಸಿರು ಬಳೆಚೂರು, ಒಬ್ಬರಿಗೆ ಹುಣಸೆ ಬೀಜ, ಇನ್ನೊಬ್ಬರಿಗೆ ಅಂಗಳದ ಬೆಣಚುಕಲ್ಲು, ನಾಲ್ಕನೆಯವರಿಗೆ ಪೊರಕೆಯಿಂದ ಮುರಿದ ಕಡ್ಡಿ. ಹಳೆಯ ಮನೆಗಳ ಕೆಂಪು ಗಾರೆ ನೆಲದಲ್ಲಿ, ಜಗಲಿಯ ಕಲ್ಲಿನಲ್ಲಿ ಈ ಚೌಕವನ್ನು ಖಾಯಮ್ಮಾಗಿ ಕೊರೆದಿಟ್ಟಿರುವುದನ್ನು ಈಗಲೂ ಕಾಣಬಹುದು. ಮನೆ ಕಟ್ಟಿಸುವಾಗಲೇ ಆಟಕ್ಕೆಂದು ಜಾಗ ಬಿಟ್ಟವರ ಬುದ್ಧಿವಂತಿಕೆಗೆ ಮೆಚ್ಚಬೇಕು.

ಆಟ ನಡೆಯುವುದು ಹೀಗೆ. ನಾಲ್ಕು ಬದಿಗಳ ನಡುವಿನ ಮನೆಗಳು ನಾಲ್ವರ ಸ್ವಂತ ಮನೆಗಳು. ಅವುಗಳ ಮೇಲೆ ಗುಣಾಕಾರದ ಗುರುತು. ಅಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಕಾಯಿ ಹೊರಸುತ್ತಿನ 16 ಮನೆಗಳನ್ನು ಎಡಸುತ್ತಾಗಿ ಕ್ರಮಿಸಿ, ಒಳಸುತ್ತಿನ 8 ಮನೆಗಳನ್ನು ಬಲಸುತ್ತಾಗಿ ಸುತ್ತಿ, ನಟ್ಟನಡುವಿನ ಮನೆ ಸೇರಿದರೆ ‘ಹಣ್ಣಾಯಿತು’. ದಾರಿಯಲ್ಲಿ ಎದುರಾಳಿಯ ಕಾಯಿ ಕೂತಿದ್ದ ಮನೆಗೇ ನಿಮ್ಮ ಕಾಯಿ ಬಂದರೆ ಅದನ್ನು ಕಡಿದಂತೆ. ಕಡಿಸಿಕೊಂಡ ಕಾಯಿ ಮತ್ತೆ ಮೊದಲಿನಿಂದ ಹೊರಡಬೇಕು, ಕಡಿದವರಿಗೆ ಇನ್ನೊಂದು ಸರದಿ. ಬಹಳ ಮನೆಗಳಲ್ಲಿ ಇನ್ನೂ ಒಂದು ಷರತ್ತಿದೆ: ಒಂದು ಕಾಯಿಯನ್ನಾದರೂ ಕಡಿಯದವರಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ಎಷ್ಟೇ ಸಾಧು ಸ್ವಭಾವದ ಚಿಕ್ಕಮ್ಮನಾದರೂ ಒಮ್ಮೆ ಕತ್ತಿ ಎತ್ತಲೇಬೇಕು!

ಕವಡೆಗಳಲ್ಲಿ ಎಷ್ಟು ಬಾಯಿ ಮೇಲಾಗಿ ಬಿದ್ದವೋ ಅಷ್ಟು ಗರ. ನಾಲ್ಕೂ ಬಾಯಿ ಮೇಲಾದರೆ ಚೌಕ, ಅಂದರೆ 4. ನಾಲ್ಕೂ ಬೋರಲು ಬಿದ್ದರೆ ಸೊನ್ನೆಯಲ್ಲ, ಬಾರ, ಅಂದರೆ 8. ಚೌಕ, ಬಾರ ಎರಡಕ್ಕೂ ಮತ್ತೊಮ್ಮೆ ಹಾಕುವ ಅವಕಾಶ ಉಂಟು. ಪೂರ್ತಿ ನೆಲ ಕಚ್ಚಿದವರಿಗೇ ಎಲ್ಲಕ್ಕಿಂತ ದೊಡ್ಡ ಬಹುಮಾನ ಕೊಡುವ ಈ ಏರ್ಪಾಟು ಯಾರ ತಲೆಗೆ ಹೊಳೆಯಿತೋ!

ಇದರ ಹಿಂದಿನ ಲೆಕ್ಕ ಸ್ವಾರಸ್ಯವಾಗಿದೆ. ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆ ಎಂದುಕೊಂಡರೆ ನಾಲ್ಕು ಕವಡೆಗಳು ಬೀಳುವ ಬಗೆ ಒಟ್ಟು 16. ಅದರಲ್ಲಿ ಎರಡರ ಗರಕ್ಕೆ 6, ಒಂದಕ್ಕೆ 4, ಮೂರಕ್ಕೆ 4 ದಾರಿಗಳಿವೆ. ಚೌಕಕ್ಕೆ ಒಂದೇ ದಾರಿ, ಬಾರಕ್ಕೂ ಒಂದೇ. ಮರುಹಾಕುವ ಅವಕಾಶವನ್ನೂ ಸೇರಿಸಿದರೆ ಒಂದು ಸರದಿಗೆ ಸರಾಸರಿ ಮೂರು ಮನೆಗಿಂತ ಸ್ವಲ್ಪ ಕಡಿಮೆ ನಡೆ ಸಿಗುತ್ತದೆ. ಸ್ವಂತ ಮನೆಯಿಂದ ನಡುಮನೆಗೆ 24 ಹೆಜ್ಜೆ, ನಾಲ್ಕು ಕಾಯಿಗೆ 96. ಯಾರೂ ಕಡಿಯದೆ ಬಿಟ್ಟರೂ ಒಬ್ಬರಿಗೆ ಹತ್ತಿರ ಹತ್ತಿರ 34 ಸರದಿ ಬೇಕು. ಬಿಡುವವರು ಯಾರು? ಊಟ ಮುಗಿಸಿ ಕೂತವರು ಸಂಜೆ ಕಾಫಿಗೆ ಏಳುವುದಕ್ಕೆ ಕಾರಣ ಈ ಗಣಿತವೇ. ಇನ್ನು ನಿಜವಾದ ಕವಡೆಯ ಬೆನ್ನು ಉಬ್ಬು, ಬಾಯಿಯ ಕಡೆ ಚಪ್ಪಟೆ. ಅದು ಎರಡೂ ಮಗ್ಗುಲಿಗೆ ಸರಿಸಮನಾಗಿ ಬೀಳುವುದೂ ಇಲ್ಲ. ಹೀಗಾಗಿ ಒಂದೊಂದು ಮನೆಯ ಕವಡೆಗೂ ಒಂದೊಂದು ಚಾಳಿ.

ಒಂದೇ ಮನೆಯ ಎಪ್ಪತ್ತು ವರ್ಷದವರನ್ನೂ ಏಳು ವರ್ಷದವರನ್ನೂ ಈ ಆಟ ಒಂದೇ ಚೌಕದ ಸುತ್ತ ಕೂರಿಸುವುದು ಅದೃಷ್ಟ ಮತ್ತು ಜಾಣತನವನ್ನು ಬೆರೆಸಿರುವ ಹದದಿಂದ. ಚದುರಂಗದಲ್ಲಿ ಬಲ್ಲವರು ಗೆಲ್ಲುತ್ತಲೇ ಹೋಗುತ್ತಾರೆ, ನಾಲ್ಕನೇ ಆಟಕ್ಕೆ ಮಗು ಎದ್ದು ಹೋಗುತ್ತದೆ. ಬರೀ ಹಾವು ಏಣಿಯಾದರೆ ದೊಡ್ಡವರಿಗೆ ಬೇಸರ. ಅಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ. ಚೌಕಾಬಾರದಲ್ಲಿ ಗರ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ, ಆದರೆ ಬಿದ್ದ ಗರಕ್ಕೆ ಯಾವ ಕಾಯಿ ನಡೆಸಬೇಕು ಎನ್ನುವುದು ಆಡುವವರ ಕೈಯಲ್ಲಿದೆ. ಮೊಮ್ಮಗಳು ಅಜ್ಜನನ್ನು ನಿಜವಾಗಿಯೇ ಸೋಲಿಸಬಹುದು. ಅಜ್ಜ ಬೇಕೆಂದೇ ಸೋತು ಕೊಡಬೇಕಾಗಿಲ್ಲ. ಮಕ್ಕಳಿಗೆ ಈ ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ಬೆಕ್ಕು ಸಾಕಿದ ಮನೆಯವರಿಗೆ ಐದನೆಯ ಆಟಗಾರ ಗೊತ್ತೇ ಇರುತ್ತಾನೆ. ಉರುಳುವ ಕವಡೆ ಕಂಡರೆ ಬೆಕ್ಕಿನ ಪಂಜ ತಡೆಯುವುದಿಲ್ಲ. ಹಾಸಿದ ಚೌಕದ ನಡುವೆಯೇ ಅದು ಹಾಯಾಗಿ ಮಲಗಿಬಿಟ್ಟರೆ ಆಟ ಅಲ್ಲಿಗೆ ಮುಗಿಯಿತೋ ಇಲ್ಲವೋ ಎನ್ನುವುದಕ್ಕೂ ಮನೆಗೊಂದು ನಿಯಮ ಹುಟ್ಟಿಕೊಳ್ಳುತ್ತದೆ.

ಅದೃಷ್ಟಕ್ಕೆ ಜಾಗವೇ ಇಲ್ಲದ ಮನೆಯಾಟವೂ ಉಂಟು: ಅಳಿಗುಳಿ ಮನೆ. ಮರದ ಹಲಗೆಯಲ್ಲಿ ಏಳೇಳರ ಎರಡು ಸಾಲು, ಒಟ್ಟು 14 ಗುಳಿ. ಒಂದು ಗುಳಿಯ ಕಾಯಿಗಳನ್ನೆಲ್ಲ ಬಾಚಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತಾ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯ ಕಾಯಿಗಳನ್ನು ಎತ್ತಿಕೊಂಡು ಮತ್ತೆ ಹಂಚಿಕೆ. ಹಾಗೆ ಎತ್ತಲು ಹೋದ ಗುಳಿಯೇ ಖಾಲಿಯಿದ್ದರೆ ಅದನ್ನು ಬೆರಳಿನಿಂದ ಸವರಿ, ಅದರಾಚೆಯ ಗುಳಿಯಲ್ಲಿದ್ದದ್ದನ್ನೆಲ್ಲ ಗೆದ್ದುಕೊಳ್ಳುವುದು. ಆಡಿ ಪಳಗಿದವರು ಗುಳಿಗಳನ್ನು ಒಮ್ಮೆ ಕಣ್ಣಾಡಿಸಿಯೇ ಎಲ್ಲಿಂದ ಹೊರಟರೆ ಎಲ್ಲಿ ನಿಲ್ಲುತ್ತೇವೆಂದು ಹೇಳಬಲ್ಲರು. ಎಣಿಕೆ, ಕೂಡಿಕೆ, ಕಳೆಯುವುದು ಎಲ್ಲವೂ ಬೆರಳ ತುದಿಗೆ ಬರುವ ಆಟವಿದು. ಘಾನಾ, ನೈಜೀರಿಯಾ ಮೊದಲಾದ ಆಫ್ರಿಕಾದ ದೇಶಗಳಲ್ಲೂ ಇದರ ಬಂಧುಗಳು ಮನೆಮನೆಯ ಆಟಗಳೇ.

ತುಳುನಾಡಿನಲ್ಲಿ ಇದು ಚೆನ್ನೆಮಣೆ. ಆಟಿ ತಿಂಗಳ ಜಡಿಮಳೆಯಲ್ಲಿ, ಗದ್ದೆ ಕೆಲಸ ಬಿಡುವಾದ ಮೇಲೆ ಆಡುವ ಆಟ. ಗುಳಿಗೆ ನಾಲ್ಕರಂತೆ ಕೆಂಪು ಚೆನ್ನೆಕಾಯಿ ತುಂಬಿಸಿ ಕೂರುತ್ತಾರೆ. ಆದರೆ ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದು ಎಂಬ ನಂಬಿಕೆ ಅಲ್ಲಿ ಗಟ್ಟಿಯಾಗಿದೆ. ಕಾರಣ ತುಳುವಿನ ಹಾಡುಕಥೆಯಾದ ಸಿರಿ ಪಾಡ್ದನದಲ್ಲಿದೆ. ಸಿರಿಯ ಮೊಮ್ಮಕ್ಕಳಾದ ಅವಳಿಗಳು ಅಬ್ಬಗ ಮತ್ತು ದಾರಗ ಮನೆಯಲ್ಲಿ ಹಿರಿಯರಿಲ್ಲದ ಹೊತ್ತಿನಲ್ಲಿ ಚೆನ್ನೆ ಆಡಲು ಕೂರುತ್ತಾರೆ. ಆಟದಲ್ಲಿ ಮಾತಿಗೆ ಮಾತು ಬೆಳೆದು, ಒಬ್ಬಳು ಚೆನ್ನೆಮಣೆಯಿಂದಲೇ ಇನ್ನೊಬ್ಬಳ ತಲೆಗೆ ಹೊಡೆಯುತ್ತಾಳೆ. ಅವಳು ಸಾಯುತ್ತಾಳೆ; ಹೊಡೆದವಳು ಬಾವಿಗೆ ಹಾರುತ್ತಾಳೆ. ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೋಂಕೊ ಮತ್ತು ಸಂಗಡಿಗರು ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಅದು 15,683 ಸಾಲುಗಳಷ್ಟು ಉದ್ದವಿದೆ. ಮಳೆಗಾಲದ ಹೊತ್ತು ಕಳೆಯುವ ಆಟವೊಂದು ಅಷ್ಟು ದೊಡ್ಡ ಕಾವ್ಯದ ದುರಂತಕ್ಕೆ ಮುಹೂರ್ತವಾಗಿದೆ ಎಂದರೆ, ಆಟದಲ್ಲಿ ಏಳುವ ಸಿಟ್ಟನ್ನು ಜನ ಎಂದೂ ಹಗುರವಾಗಿ ಕಂಡಿರಲಿಲ್ಲ ಎಂದೇ ಅರ್ಥ. ಪಗಡೆಯ ಬಗ್ಗೆ ಮಹಾಭಾರತ ಹುಟ್ಟಿಸಿದ ಅಂಜಿಕೆ ಹೇಗೂ ಇದ್ದೇ ಇದೆ.

ಕಲ್ಲಿನಲ್ಲಿ ಉಳಿದಿರುವ ಗುರುತುಗಳೂ ಕಡಿಮೆಯೇನಲ್ಲ. ಹಂಪಿಯ ಮಂಟಪಗಳಲ್ಲಿ, ಹಳೆಯ ದೇವಸ್ಥಾನಗಳ ಜಗಲಿಗಳಲ್ಲಿ ಬಗ್ಗಿ ನೋಡಿದರೆ ಆಟದ ಗೆರೆಗಳು ಸಿಗುತ್ತವೆ. ಅವುಗಳಲ್ಲಿ ಹುಲಿ-ಕುರಿ ಆಟದ ಮನೆ ಸಾಮಾನ್ಯ. ಅದರ ಒಂದು ಬಗೆಯಲ್ಲಿ ಗೆರೆಗಳು ಕೂಡುವ 23 ಜಾಗಗಳಲ್ಲಿ 3 ಹುಲಿ ಮತ್ತು 15 ಕುರಿಗಳ ಹೋರಾಟ. ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ. ಕುರಿಗೆ ತಿನ್ನುವ ಶಕ್ತಿಯಿಲ್ಲ, ಗುಂಪಾಗಿ ನಿಂತು ಹುಲಿ ಅಲುಗಾಡದಂತೆ ಕಟ್ಟಿಹಾಕುವುದೊಂದೇ ದಾರಿ. ಎರಡು ಪಕ್ಷಕ್ಕೂ ಬೇರೆ ಬೇರೆ ಬಲ, ಬೇರೆ ಬೇರೆ ಗುರಿ.

ಮನೆಯಾಟದ ಹುಚ್ಚನ್ನು ಅರಮನೆಯ ಮಟ್ಟಕ್ಕೆ ಏರಿಸಿದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868). 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಯಿಂದ ಕಿತ್ತುಕೊಂಡ ಮೇಲೆ ಅರಸರಿಗೆ ಪುರುಸೊತ್ತು ಸಿಕ್ಕಿತು. ಅದನ್ನು ಅವರು ಸಾಹಿತ್ಯಕ್ಕೂ ಕಲೆಗೂ ಆಟಕ್ಕೂ ಸುರಿದರು. ಹೊಸ ಹೊಸ ಆಟಗಳನ್ನು ಕಟ್ಟಿದರು. ಚದುರಂಗದ ಕುದುರೆ ಒಂದು ಮನೆಯನ್ನೂ ಎರಡು ಸಲ ಮೆಟ್ಟದೆ 64 ಮನೆಗಳನ್ನೂ ಸುತ್ತುವ ಸಮಸ್ಯೆಯನ್ನು ಬಗೆಬಗೆಯಾಗಿ ಬಿಡಿಸಿದರು. ಅವರ ಹೆಸರಿನ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಆಟಗಳಿಗೆಂದೇ ಕೌತುಕನಿಧಿ ಇದೆ. ಗಂಜೀಫ ಎಂಬ ಚಿತ್ರ ಬಿಡಿಸಿದ ಇಸ್ಪೀಟು ಎಲೆಗಳಲ್ಲಿ ದಶಾವತಾರದ ಕಟ್ಟಿಗೆ 120 ಎಲೆ ಇರುವುದು ರೂಢಿ. ಮುಮ್ಮಡಿಯವರು ಮುನ್ನೂರು ಎಲೆಗಳನ್ನೂ ಮೀರಿದ ಕಟ್ಟುಗಳನ್ನು ರೂಪಿಸಿದರು. ಅಷ್ಟು ಎಲೆಗಳನ್ನು ಕಲೆಸಿ ಹಂಚಿ ನೆನಪಿನಲ್ಲಿಟ್ಟು ಆಡಲು ರಾಜ್ಯಭಾರವಿಲ್ಲದ ರಾಜರಿಗೇ ಸಾಧ್ಯವಿತ್ತು ಎನ್ನಿಸುತ್ತದೆ. ಅವರ ಆಟದ ಹಾಸುಗಳ ಬಗ್ಗೆ ಬ್ರಿಟಿಷ್ ಮ್ಯೂಸಿಯಮ್ಮಿನ ಅರ್ವಿಂಗ್ ಫಿಂಕೆಲ್ ಅವರಂಥವರು ಅಧ್ಯಯನ ನಡೆಸಿ ಬರೆದಿದ್ದಾರೆ. ಗಂಜೀಫ ಚಿತ್ರಿಸುವ ಕಲೆಯನ್ನು ನಮ್ಮ ಕಾಲದಲ್ಲಿ ಉಳಿಸಿದವರು ಶ್ರೀರಂಗಪಟ್ಟಣದ ರಘುಪತಿ ಭಟ್ಟರು.

ಹೊರದೇಶಕ್ಕೆ ಹೋದ ನಮ್ಮ ಆಟಗಳು ಮುಖ ತೊಳೆದುಕೊಂಡು ವಾಪಸು ಬಂದ ಕಥೆಯೂ ಇದೆ. ಫತೇಪುರ್ ಸಿಕ್ರಿಯ ಅಂಗಳದ ಕಲ್ಲಿನಲ್ಲಿ ಈಗಲೂ ಕಾಣುವ ಪಚ್ಚೀಸಿಯ ಮನೆಗಳಲ್ಲಿ ಅಕ್ಬರ್ ಮನುಷ್ಯರನ್ನೇ ಕಾಯಿಗಳಂತೆ ನಡೆಸುತ್ತಿದ್ದನೆಂದು ಹೇಳುತ್ತಾರೆ. ಅದೇ ಆಟ ಇಂಗ್ಲೆಂಡಿನಲ್ಲಿ ಸರಳವಾಗಿ, 1896ರಲ್ಲಿ ಲೂಡೊ ಎಂಬ ಹೆಸರಲ್ಲಿ ಪೇಟೆಂಟ್ ಪಡೆಯಿತು. ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ಆಡುತ್ತಿದ್ದ ಪರಮಪದ ಸೋಪಾನ ಪಟದ ಬಳಗದಿಂದ ಇಂಗ್ಲೆಂಡಿನ ಹಾವು ಏಣಿ ಹುಟ್ಟಿತು. ಪಾಪಪುಣ್ಯಗಳ ಹೆಸರು ಕಾಲಕ್ರಮದಲ್ಲಿ ಉದುರಿಹೋಗಿ ಹಾವು, ಏಣಿ ಮಾತ್ರ ಉಳಿದವು. 2016ರಲ್ಲಿ ಲೂಡೊ ಕಿಂಗ್ ಎಂಬ ಭಾರತದ್ದೇ ಆ್ಯಪ್ ಬಂತು. 2020ರ ಲಾಕ್‌ಡೌನಿನಲ್ಲಿ ಊರೂರು ದೂರವಾಗಿದ್ದ ಅಣ್ಣತಮ್ಮಂದಿರು, ಅಮೆರಿಕದ ಮಗಳು, ಹಾಸನದ ಅಮ್ಮ ಅದರಲ್ಲೇ ಸೇರಿ ಆಡಿದರು.

ಆ್ಯಪಿನ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರಲ್ಲಿ ಕಳ್ಳಾಟಕ್ಕೆ ಜಾಗವಿಲ್ಲ, ಇದು ಸಣ್ಣ ನಷ್ಟವಲ್ಲ! ಸೀರೆಯ ಸೆರಗು ಸರಿಪಡಿಸುವ ನೆವದಲ್ಲಿ ಕಾಯಿಯನ್ನು ಒಂದು ಮನೆ ಮುಂದೆ ತಳ್ಳುವ ದೊಡ್ಡಮ್ಮ, ಕವಡೆಯನ್ನು ಕುಲುಕದೆ ಮೆತ್ತಗೆ ಜಾರಿಸಿ ಬಾರ ಬೀಳಿಸುವ ಮಾವ, ‘ನೋಡ್ದೆ, ನಾನು ನೋಡ್ದೆ’ ಎಂದು ಕೂಗುವ ಹುಡುಗ, ಇವರ್‍ಯಾರೂ ಮೊಬೈಲಿನ ಪರದೆಯಲ್ಲಿ ಹಿಡಿಸುವುದಿಲ್ಲ.

ಈಗ ಈ ಆಟಗಳು ಬಟ್ಟೆಯ ಹಾಸಾಗಿ, ಪೆಟ್ಟಿಗೆಯಲ್ಲಿ ಮಾರಾಟಕ್ಕೆ ಬಂದಿವೆ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳಲ್ಲಿ ಬೇರೆ ಬೇರೆ ಕುಶಲಕರ್ಮಿಗಳಿಂದ ಮಾಡಿಸಿದ ಮರದ, ಲೋಹದ, ಕಸೂತಿಯ ಆಟದ ಹಾಸುಗಳನ್ನು ಜನರ ಮುಂದಿಟ್ಟಿದೆ. ಕಾಯಿಗಳಿಗೆ ಚನ್ನಪಟ್ಟಣದ ಅರಗಿನ ಬಣ್ಣ ಚೆನ್ನಾಗಿ ಒಪ್ಪುತ್ತದೆ.

ದುಡ್ಡು ಕೊಟ್ಟೇ ಆಡಬೇಕೆಂದೇನೂ ಇಲ್ಲ. ಕವಡೆ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ಅಡುಗೆಮನೆಯ ಹುಣಸೆ ಹಣ್ಣಿನಿಂದ ತೆಗೆದ ನಾಲ್ಕು ದಪ್ಪ ಬೀಜ ಸಾಕು. ಬೀಜವನ್ನು ತೊಳೆದು ಒಣಗಿಸಿ, ಒರಟು ಕಲ್ಲಿನ ಮೇಲೋ ಸಿಮೆಂಟಿನ ಮೆಟ್ಟಿಲ ಮೇಲೋ ಒಂದೇ ಮಗ್ಗುಲಿಗೆ ತಿಕ್ಕುತ್ತಾ ಬಂದರೆ ಕಂದು ಸಿಪ್ಪೆ ಸವೆದು ಒಳಗಿನ ಬಿಳುಪು ಕಾಣುತ್ತದೆ. ಬೆರಳಿಗೆ ಬಿಸಿ ತಟ್ಟುತ್ತದೆ, ನಡುನಡುವೆ ಬಿಟ್ಟು ತಿಕ್ಕಬೇಕು. ಬಿಳಿ ಮೇಲಾದರೆ ಗರದ ಲೆಕ್ಕಕ್ಕೆ ಸೇರುತ್ತದೆ, ಕಂದು ಮೇಲಾದರೆ ಇಲ್ಲ. ನಾಲ್ಕನ್ನೂ ಕೈಯಲ್ಲಿ ಕುಲುಕಿ ಹತ್ತಿಪ್ಪತ್ತು ಸಲ ಹಾಕಿ ನೋಡಿದರೆ ಅವುಗಳ ಸ್ವಭಾವ ತಿಳಿಯುತ್ತದೆ. ಬಾರ ಬಹಳ ಬೀಳುತ್ತಿದ್ದರೆ ಇನ್ನಷ್ಟು ತಿಕ್ಕಿ ಸರಿಪಡಿಸಲು ನೋಡಬಹುದು, ಹಾಗೇ ಬಿಟ್ಟರೂ ಅನ್ಯಾಯವೇನಿಲ್ಲ. ಎಲ್ಲರೂ ಹಾಕುವುದು ಅದೇ ಬೀಜಗಳನ್ನು. ಆಟ ಬೇಗ ಮುಗಿಯುತ್ತದೆ, ಅಷ್ಟೆ.